ಕಹಿಗೂ ಒಂದು ಅಳತೆ

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಚಹಾಕ್ಕಿಂತ ಮೊದಲು ಹೊಟ್ಟೆಗೆ ಇಳಿಯುವುದು ಹಾಲೆಮರದ ಕಷಾಯ. ಬೆಳಕು ಹರಿಯುವ ಮೊದಲೇ ಮನೆಯ ಗಂಡಸರಲ್ಲಿ ಯಾರಾದರೊಬ್ಬರು ಮರದ ಬುಡಕ್ಕೆ ಹೋಗಿ ತೊಗಟೆ ತರಬೇಕು. ಕತ್ತಿ ತಾಗಿಸುವಂತಿಲ್ಲ, ಚೂಪು ಕಲ್ಲಿನಿಂದ ಜಜ್ಜಿ ಎಬ್ಬಿಸಬೇಕು. ಆ ಒಂದು ದಿನ ಮರದಲ್ಲಿ ಸಾವಿರದೊಂದು ಮದ್ದು ಸೇರಿರುತ್ತದೆ ಎಂಬುದು ನಂಬಿಕೆ. ನಮ್ಮಲ್ಲಿ ತೊಗಟೆ ತರುವುದು ಮಾವನ ಕೆಲಸ, ಮುಂದಿನದ್ದೆಲ್ಲ ಅಜ್ಜಿಯದು.

ಅಜ್ಜಿ ಮೊದಲು ತೊಗಟೆಯ ಮೇಲಿನ ಒರಟು ಪದರವನ್ನು ಕೆರೆದು ತೆಗೆಯುತ್ತಿದ್ದರು. ಒಳಗಿನ ತಿರುಳು ಹಸಿಯಾಗಿ, ಮಾಸಲು ಹಳದಿಯಾಗಿ ಕಾಣುತ್ತಿತ್ತು. ಅದನ್ನು ಕಡೆಯುವ ಕಲ್ಲಿಗೆ ಹಾಕಿ, ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ, ಜೀರಿಗೆ ಸೇರಿಸಿ ಗುದ್ದಿ, ಬಿಳಿ ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತಿದ್ದರು. ಅಷ್ಟರಲ್ಲಿ ಒಲೆಯ ಕೆಂಡದಲ್ಲಿ ಬೆಣಚುಕಲ್ಲು ಕಾದು ಕೆಂಪಾಗಿರುತ್ತಿತ್ತು. ಚಿಮಟದಲ್ಲಿ ಹಿಡಿದು ರಸಕ್ಕೆ ಮುಳುಗಿಸಿದರೆ ಚುಂಯ್ ಎಂದು ಹೊಗೆ ಎದ್ದು, ಮೆಣಸು ಬೆಳ್ಳುಳ್ಳಿಯ ಘಾಟು ಜಗಲಿಯವರೆಗೆ ಬರುತ್ತಿತ್ತು. ಆಮೇಲೆ ಹಂಚಿಕೆ. ದೊಡ್ಡವರಿಗೆ ಸಣ್ಣ ಲೋಟದಲ್ಲಿ ಕಾಲು ಭಾಗ, ನಮ್ಮಂಥ ಮಕ್ಕಳಿಗೆ ಒಂದು ಚಮಚ. ಮಾವ ಇನ್ನೊಂದಿಷ್ಟು ಕೇಳಿದರೆ ಅಜ್ಜಿ ಪಾತ್ರೆಯನ್ನೇ ಸರಿಸಿ ಇಡುತ್ತಿದ್ದರು. “ಸಾಕು. ಇದು ಮದ್ದು, ಹೆಚ್ಚಾದ್ರೆ ತಲೆ ತಿರುಗ್ತದೆ” ಎಂದರೆ ಅಲ್ಲಿಗೆ ಮುಗಿಯಿತು. ಕಷಾಯದ ಉಷ್ಣ ಇಳಿಯಲಿ ಎಂದು ಬೆನ್ನಿಗೇ ಮೆಂತೆ ಗಂಜಿ. ತೆಂಗಿನ ಹಾಲು, ಬೆಲ್ಲ ಹಾಕಿದ ಬಿಸಿ ಗಂಜಿ ನಾಲಗೆಗೆ ತಾಗಿದ ಮೇಲೆಯೇ ಮುಖದ ಗಂಟು ಬಿಡುತ್ತಿದ್ದುದು.

ಇದು ಎಂತಕ್ಕೆ ಎಂದು ಕೇಳಿದರೆ ಅಜ್ಜಿಯ ಉತ್ತರ ಒಂದೇ: “ವರ್ಷದ ಕೊಳೆ ಹೋಗ್ತದೆ, ರಕ್ತ ಚೊಕ್ಕ ಆಗ್ತದೆ.”

ಆ ಮಾತನ್ನು ಹಳೆಯ ಕಾಲದ ಅಜ್ಞಾನ ಎಂದು ಬದಿಗಿಡುವವರನ್ನೂ ಬಲ್ಲೆ. ಅದೇ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಿ ಸಾವಿರಾರು ರೂಪಾಯಿಗೆ ಮಾರುವವರನ್ನೂ ಬಲ್ಲೆ. ನನಗೆ ಇಬ್ಬರ ಮೇಲೂ ತಕರಾರಿದೆ. ಅಜ್ಜಿಯ ಕಷಾಯದಲ್ಲಿ ಮರದ ಗುಣಕ್ಕಿಂತ ದೊಡ್ಡ ವಿವೇಕವೊಂದಿತ್ತು. ವರ್ಷಕ್ಕೊಮ್ಮೆ ಮಾತ್ರ, ಅದೂ ಗುಟುಕಿನ ಲೆಕ್ಕದಲ್ಲಿ, ಗುರುತಿರುವ ಮರದಿಂದ, ಗೊತ್ತಿರುವವರ ಕೈಯಿಂದ, ಹಿಂದೆಯೇ ಅದರ ಪರಿಣಾಮವನ್ನು ತಗ್ಗಿಸುವ ಗಂಜಿಯೊಡನೆ. ಇಷ್ಟನ್ನೂ ಬಿಟ್ಟು ಬರೀ ಗಿಡವನ್ನು ಎತ್ತಿಕೊಂಡರೆ ನಮ್ಮ ಕೈಗೆ ಸಿಗುವುದು ಸಂಪ್ರದಾಯವಲ್ಲ, ಅರ್ಧ ತಿಳಿದ ಔಷಧ.

ಗುರುತಿರುವ ಮರ ಎಂದೆ. ಅದು ಎಷ್ಟು ಮುಖ್ಯ ಎಂಬುದು ಆಟಿ ಅಮಾವಾಸ್ಯೆಯ ಮರುದಿನದ ಪತ್ರಿಕೆಗಳನ್ನು ಓದುವ ಕರಾವಳಿಯವರಿಗೆ ಗೊತ್ತು. ಹಾಲೆ ಎಂದುಕೊಂಡು ಕತ್ತಲಲ್ಲಿ ಬೇರೆ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಬಂದದ್ದುಂಟು. ಅತ್ಯಂತ ಅಪಾಯದ್ದು ಕಾಸರಕ. ತುಳುವಿನಲ್ಲಿ ಕಾಯೆರ್ ಎನ್ನುವ ಈ ಮರದ ಬೀಜ, ತೊಗಟೆ ಎರಡರಲ್ಲೂ ಸ್ಟ್ರಿಕ್ನೈನ್ ಇದೆ. ಅದು ನರಗಳನ್ನು ಕೆರಳಿಸಿ ಮೈಯೆಲ್ಲ ಸೆಟೆಯುವಂತೆ ಮಾಡಿ ಉಸಿರಾಟವನ್ನೇ ನಿಲ್ಲಿಸಬಲ್ಲ ವಿಷ. ಹಗಲಲ್ಲಾದರೆ ಎರಡನ್ನು ಗುರುತಿಸುವುದು ಕಷ್ಟವಲ್ಲ. ಹಾಲೆಯಲ್ಲಿ ಎಲೆಗಳು ಒಂದೇ ಗೆಣ್ಣಿನ ಸುತ್ತ ಗುಂಪಾಗಿ, ಸಾಮಾನ್ಯವಾಗಿ ಏಳೇಳಾಗಿ ಇರುತ್ತವೆ. ಸಪ್ತಪರ್ಣಿ ಎನ್ನುವುದು ಅದಕ್ಕೇ. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ, ಒಂದೊಂದು ಎಲೆಯಲ್ಲೂ ಬುಡದಿಂದ ತುದಿಗೆ ಸಾಗುವ ಮೂರೋ ಐದೋ ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ. ಮಾವ ಹಿಂದಿನ ದಿನ ಸಂಜೆಯೇ ಮರ ನೋಡಿಕೊಂಡು ಬರುತ್ತಿದ್ದರು. ಆ ಒಂದು ಅಭ್ಯಾಸವನ್ನು ಎಲ್ಲ ಮನೆಗಳೂ ಇಟ್ಟುಕೊಂಡರೆ ಹಲವು ಅನಾಹುತಗಳು ತಪ್ಪುತ್ತವೆ.

ಕಹಿಯನ್ನು ಹೀಗೆ ವರ್ಷದ ಲೆಕ್ಕಕ್ಕೆ ಹೊಂದಿಸಿಟ್ಟದ್ದು ತುಳುನಾಡು ಮಾತ್ರವಲ್ಲ. ಯುಗಾದಿಗೆ ಎಳೆಯ ಬೇವಿನ ಚಿಗುರು ಮತ್ತು ಹೂ ಬೆಲ್ಲದ ಜೊತೆ ಬಾಯಿಗೆ ಬೀಳುತ್ತದೆ. ಬೇಸಗೆಯಲ್ಲಿ ಸೊಗದೆ ಬೇರಿನ ಶರಬತ್ತು; ಆ ಬೇರನ್ನು ರಕ್ತಶುದ್ಧಿಗೆ ಒಳ್ಳೆಯದೆಂದು ನಮ್ಮ ನಾಟಿ ವೈದ್ಯರೂ ಆಯುರ್ವೇದದವರೂ ಒಟ್ಟಿಗೆ ಒಪ್ಪುತ್ತಾರೆ, ಅದರ ಪರಿಮಳಕ್ಕಂತೂ ನಾನು ಸದಾ ಸೋಲುತ್ತೇನೆ. ಮಲೆನಾಡಿನ ಹವ್ಯಕರ ಮನೆಗೆ ಹೋದರೆ ಊಟಕ್ಕೆ ತಂಬುಳಿ ಇಲ್ಲದ ದಿನವಿಲ್ಲ. ಒಂದೆಲಗ, ಗರುಗ, ಕೊಡಸಿಗದ ಹೂ, ನೆಲನೆಲ್ಲಿ, ಹೀಗೆ ಅಂಗಳದ ಅಂಚಿನಲ್ಲಿ ಸಿಕ್ಕ ಒಂದು ಹಿಡಿ ಸೊಪ್ಪು, ಒಂದಿಷ್ಟು ಜೀರಿಗೆ ಮೆಣಸು ತುಪ್ಪದಲ್ಲಿ ಹುರಿದು, ಕಾಯಿತುರಿಯೊಡನೆ ಬೀಸಿ, ಮಜ್ಜಿಗೆಗೆ ಬೆರೆಸಿದರೆ ಆಯಿತು. ಇಡೀ ಮನೆಮಂದಿಗೆ ಒಂದು ಹಿಡಿ ಸೊಪ್ಪು. ನಾಳೆ ಬೇರೆ ಸೊಪ್ಪು. ಯಾವುದೂ ದೇಹದಲ್ಲಿ ಜಮೆಯಾಗುವಷ್ಟು ದಿನ, ಜಮೆಯಾಗುವಷ್ಟು ಪ್ರಮಾಣದಲ್ಲಿ ಒಳಗೆ ಹೋಗುವುದೇ ಇಲ್ಲ.

ಆಯುರ್ವೇದದ ಗ್ರಂಥಗಳೂ ಕಹಿಗೆ ಕಾಲ ಗೊತ್ತುಮಾಡಿವೆ. ಮಳೆ ನಿಂತು ಬಿಸಿಲು ಮೂಡುವ ಶರದೃತುವಿನಲ್ಲಿ ಪಿತ್ತ ಕೆರಳುತ್ತದೆ, ಆಗ ಕಹಿ ಮೂಲಿಕೆಗಳಿಂದ ಕಾಸಿದ ತುಪ್ಪ, ವಿರೇಚನ, ಬೇಕಾದವರಿಗೆ ರಕ್ತಮೋಕ್ಷಣ ಎಂದು ಚರಕಸಂಹಿತೆ ಹೇಳುತ್ತದೆ. ರಕ್ತವನ್ನು ಒಯ್ಯುವ ಸ್ರೋತಸ್ಸುಗಳ ಮೂಲ ಯಕೃತ್ತು ಮತ್ತು ಪ್ಲೀಹ ಎಂದೂ ಅದು ಹೇಳಿದೆ. ಸೂಕ್ಷ್ಮದರ್ಶಕ ಇಲ್ಲದ ಕಾಲದಲ್ಲಿ ರಕ್ತವನ್ನೂ ಲಿವರನ್ನೂ ಹೀಗೆ ಒಂದೇ ದಾರದಲ್ಲಿ ಪೋಣಿಸಿದ್ದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ. ಗರ್ಭದಲ್ಲಿರುವ ಶಿಶುವಿಗೆ ತಿಂಗಳುಗಟ್ಟಲೆ ರಕ್ತಕಣಗಳನ್ನು ತಯಾರಿಸಿ ಕೊಡುವುದು ಲಿವರೇ ಎಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ.

ಈ ಲಿವರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಲಗಡೆ ಪಕ್ಕೆಲುಬಿನ ಒಳಗೆ ಸುಮಾರು ಒಂದೂವರೆ ಕಿಲೋ ತೂಗುವ ಅಂಗ ಅದು. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬರುವುದು ಹೊಟ್ಟೆ ಮತ್ತು ಕರುಳಿನಿಂದ. ಅಂದರೆ ನಾವು ತಿಂದದ್ದು ಕುಡಿದದ್ದು ಹೃದಯವನ್ನು ಮುಟ್ಟುವ ಮೊದಲೇ ಲಿವರಿನ ತಪಾಸಣೆಗೆ ಒಳಗಾಗುತ್ತದೆ. ರಕ್ತದ ಕೆಂಪುಕಣಕ್ಕೆ ಆಯುಸ್ಸು ಸುಮಾರು 120 ದಿನ. ಸತ್ತ ಕಣಗಳಿಂದ ಹಳದಿ ಬಣ್ಣದ ಬಿಲಿರುಬಿನ್ ಹುಟ್ಟುತ್ತದೆ. ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸದ ಜೊತೆ ಕರುಳಿಗೆ ಬಿಡುವುದು ಲಿವರಿನ ದಿನನಿತ್ಯದ ದುಡಿಮೆ. ಆ ಕೆಲಸ ತಪ್ಪಿದಾಗಲೇ ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು. ಹೀಗೆ ರಕ್ತವನ್ನು ಶುದ್ಧ ಮಾಡುವ ವ್ಯವಸ್ಥೆ ನಮ್ಮೊಳಗೆ ಹಗಲೂ ರಾತ್ರಿ ನಡೆದೇ ಇದೆ. ಮೂತ್ರಪಿಂಡಗಳು ಅದಕ್ಕೆ ಜೊತೆ. ಆರೋಗ್ಯವಂತರ ಲಿವರನ್ನು ಹೊರಗಿನಿಂದ ಯಾರೂ ತೊಳೆಯಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ಹೊರೆ ಕಡಿಮೆಯಾಗುವುದು. ಮದ್ಯ ಬಿಟ್ಟರೆ, ಹೊಟ್ಟೆಯ ಬೊಜ್ಜು ಇಳಿದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗವನ್ನು ಇನ್ನೊಬ್ಬರಿಗೆ ದಾನ ಕೊಟ್ಟವರಲ್ಲೂ ಉಳಿದ ಭಾಗ ಕೆಲವೇ ತಿಂಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ದೇಹದ ಇನ್ನಾವ ದೊಡ್ಡ ಅಂಗಕ್ಕೂ ಈ ಶಕ್ತಿ ಇಲ್ಲ.

ಹಾಗಾದರೆ ಮೂಲಿಕೆಗಳಲ್ಲಿ ಏನೂ ಇಲ್ಲವೇ? ಇದೆ. ಆ ಮಾತಿಗೆ ನೆಲನೆಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮೊದಲ ಮಳೆ ಬಿದ್ದು ಎರಡು ವಾರ ಕಳೆದರೆ ತೋಟದ ಬದುವಿನಲ್ಲಿ, ಅಂಗಳದ ಕಲ್ಲುಸಂದಿಯಲ್ಲಿ ನೆಲನೆಲ್ಲಿ ಏಳುತ್ತದೆ. ಗೇಣುದ್ದದ ಗಿಡ. ಎಲೆ ನೆಲ್ಲಿಯ ಎಲೆಯಷ್ಟೇ ನುಣುಪು. ಕಡ್ಡಿಯನ್ನು ಮೇಲಿನಿಂದ ನೋಡಿದರೆ ಏನೂ ವಿಶೇಷವಿಲ್ಲ. ಮಗುಚಿ ನೋಡಬೇಕು. ಎಲೆಗಳ ಅಡಿಯಲ್ಲಿ, ಕಡ್ಡಿಯ ಉದ್ದಕ್ಕೂ, ಸಾಸಿವೆ ಗಾತ್ರದ ಹಸಿರು ಕಾಯಿಗಳು ಸಾಲಾಗಿ ಜೋತುಬಿದ್ದಿರುತ್ತವೆ. ಕಾಮಾಲೆಗೆ ಇದನ್ನು ಬೇರುಸಮೇತ ಕಿತ್ತು ಅರೆದು ಹಾಲಲ್ಲೋ ಮಜ್ಜಿಗೆಯಲ್ಲೋ ಕದಡಿ ಕೊಡುವುದು ದಕ್ಷಿಣ ಭಾರತದ ಉದ್ದಕ್ಕೂ ಇರುವ ಪದ್ಧತಿ.

ಹೆಪಟೈಟಿಸ್ ಬಿ ವೈರಾಣುವಿನ ಗುರುತನ್ನು ಕಂಡುಹಿಡಿದದ್ದಕ್ಕೆ 1976ರಲ್ಲಿ ನೊಬೆಲ್ ಪಡೆದ ಅಮೆರಿಕದ ವಿಜ್ಞಾನಿ ಬರೂಚ್ ಬ್ಲೂಮ್‌ಬರ್ಗ್ ಈ ಗಿಡದ ಬೆನ್ನುಹತ್ತಿದರು. ಅವರೂ ಮದರಾಸಿನ ವೈದ್ಯಸಂಶೋಧಕರೂ ಸೇರಿ ಮಾಡಿದ ಪ್ರಯೋಗ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತವರಿಗೆ ತಿಂಗಳ ಕಾಲ ನೆಲನೆಲ್ಲಿ ಪುಡಿಯ ಕ್ಯಾಪ್ಸೂಲ್ ಕೊಟ್ಟಿದ್ದರು. ಗಿಡದ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಹುಸಿ ಗುಳಿಗೆ ತಿಂದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಅಜ್ಜಿಯರ ಅಂಗಳದ ಗಿಡ ಜಗತ್ತಿನ ದೊಡ್ಡ ವೈದ್ಯಪತ್ರಿಕೆಯಲ್ಲಿ ಕಾಣಿಸಿಕೊಂಡದ್ದನ್ನು ಓದಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಇದೇ ಪ್ರಯೋಗ ಮಾಡಿದಾಗ ಅಂಥ ಫಲ ಸಿಗಲಿಲ್ಲ. ಮುಂದೆ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ನೋಡಿದವರು ಹೆಪಟೈಟಿಸ್ ಬಿಗೆ ನೆಲನೆಲ್ಲಿ ಮದ್ದೆಂದು ಹೇಳಲು ಗಟ್ಟಿ ಆಧಾರ ಇಲ್ಲವೆಂದರು. ಬೆಳೆದ ಮಣ್ಣು, ಕಿತ್ತ ಕಾಲ, ಗಿಡದ ಜಾತಿ, ಇದರಲ್ಲಿ ಯಾವುದು ಬೇರೆಯಾದರೂ ಒಳಗಿನ ಸಾರ ಬೇರೆಯಾಗುತ್ತದೆ ಎಂಬ ವಾದ ಇದೆ. ಆ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು ದಕ್ಷಿಣ ಭಾರತದ 25 ಮೂಲಿಕೆ ಅಂಗಡಿಗಳಿಂದ ನೆಲನೆಲ್ಲಿ ಕೊಂಡು ತಂದು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದರು. ಸುಮಾರು ಮುಕ್ಕಾಲು ಪಾಲು ಅಂಗಡಿಗಳ ಸರಕು ನಿಜವಾದ ನೆಲನೆಲ್ಲಿಯೇ ಆಗಿತ್ತು. ಉಳಿದ ಕಾಲು ಭಾಗದಲ್ಲಿ ಅದೇ ಕುಲದ ಬೇರೆ ಬೇರೆ ಗಿಡಗಳಿದ್ದವು. ಒಣಗಿ ಪುಡಿಯಾದ ಮೇಲೆ ಗಿಡವನ್ನು ಮಗುಚಿ ನೋಡುವ ಅವಕಾಶ ಯಾರಿಗಿದೆ?

ಕಾಮಾಲೆಯ ಮದ್ದಿನ ಬಗ್ಗೆ ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು, ಯಾಕೆಂದರೆ ಜೀವ ಹೋಗುವುದು ಇಲ್ಲೇ. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳು ಹೊರಗೆ ತೋರಿಸುವ ಒಂದೇ ಮುಖ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಹಸಿರು ಮದ್ದು ಕೊಟ್ಟರೂ ಇಳಿಯುತ್ತವೆ, ಕೊಡದಿದ್ದರೂ ಇಳಿಯುತ್ತವೆ. ಎಣ್ಣೆ ಬಿಟ್ಟು ಗಂಜಿ, ಮಜ್ಜಿಗೆ, ಎಳನೀರಿನ ಪಥ್ಯದಲ್ಲಿ ಮಲಗಿ ವಿಶ್ರಾಂತಿ ಪಡೆದವರು ಗುಣವಾದಾಗ ಕೀರ್ತಿ ಮದ್ದು ಕೊಟ್ಟವರಿಗೆ ಸಲ್ಲುತ್ತದೆ. ಅದರಿಂದ ಕೇಡೇನಿಲ್ಲ. ಆದರೆ ಹೆಪಟೈಟಿಸ್ ಇ ಗರ್ಭಿಣಿಗೆ ಬಂದರೆ ಅದು ಪ್ರಾಣಾಂತಿಕವಾಗಬಲ್ಲದು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ, ಗೆಡ್ಡೆಯಾದರೂ ಹಳದಿಯಾಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ಕಾಮಾಲೆಗೆ ಇನ್ನೂ ಒಂದು ಕಾರಣ ಇದೆ, ಇಲಿಜ್ವರ.

ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರೊಬ್ಬರು ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ದುಡಿದವರು. ಜ್ವರ ಬಂತು, ಮೀನಖಂಡ ಹಿಡಿದುಕೊಂಡಂತೆ ನೋವು, ಆಮೇಲೆ ಕಣ್ಣು ಹಳದಿ, ಕೆಂಪು. ಎಲ್ಲರೂ ಕಾಮಾಲೆ ಎಂದರು. ದೂರದ ಊರಿನಲ್ಲಿ ಕಾಮಾಲೆಗೆ ಮದ್ದು ಕೊಡುವವರಿದ್ದಾರೆಂದು ಬಸ್ಸು ಹತ್ತಿ ಹೋಗಿ ಮೂರು ಬೆಳಗಿನ ಮದ್ದು ಕುಡಿದು ಬಂದರು. ನಾಲ್ಕನೆಯ ದಿನ ಮೂತ್ರವೇ ಕಟ್ಟಿತು. ಆಸ್ಪತ್ರೆಗೆ ಒಯ್ದಾಗ ಇಲಿಜ್ವರವೆಂದು ಗೊತ್ತಾಯಿತು. ಡಯಾಲಿಸಿಸ್ ಮಾಡಿಸಬೇಕಾಯಿತು. ಬದುಕಿದರು, ಮತ್ತೆ ಕೆಲಸಕ್ಕೂ ಬಂದರು. ಆದರೆ ಜ್ವರ ಬಂದ ಮೊದಲ ಒಂದೆರಡು ದಿನಗಳಲ್ಲೇ ಹೋಗಿದ್ದರೆ ಬಹುಶಃ ಅಗ್ಗದ ಆಂಟಿಬಯೊಟಿಕ್ ಮಾತ್ರೆಯಲ್ಲೇ ಗುಣವಾಗುತ್ತಿತ್ತು. ಮದ್ದು ಕೊಟ್ಟವರು ದುಡ್ಡಿಗಾಗಿ ಕೊಟ್ಟವರಲ್ಲ, ತೆಂಗಿನಕಾಯಿಯೊಂದನ್ನು ಮಾತ್ರ ದಕ್ಷಿಣೆಯಾಗಿ ತೆಗೆದುಕೊಳ್ಳುವ ಸಾತ್ವಿಕರು. ಅವರ ಒಳ್ಳೆಯತನದಲ್ಲಿ ನನಗೆ ಸಂಶಯವಿಲ್ಲ. ಆದರೆ ರಕ್ತ ಪರೀಕ್ಷೆ ಮಾಡಿಸಿ ಬನ್ನಿ ಎಂದು ಮೊದಲು ಹೇಳುವ ಪದ್ಧತಿ ಅಂಥವರಲ್ಲಿ ಬರಬೇಕು. ಕೆಲವರಲ್ಲಿ ಈಗಾಗಲೇ ಬಂದಿದೆ, ಅದು ಸಂತೋಷದ ಸಂಗತಿ.

ಈಗ ಬೆಂಗಳೂರಿನಲ್ಲಿರುವ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಪಕ್ಕದ ಮನೆಯ ಆಂಟಿ ನನಗಿಂತ ಹಿರಿಯರು, ಕಾಳಜಿಯುಳ್ಳವರು. ಒಂದು ದಿನ ದೊಡ್ಡ ಡಬ್ಬಿಯೊಂದನ್ನು ತಂದು ತೋರಿಸಿದರು. “ನೋಡಮ್ಮ, ಲಿವರ್ ಡಿಟಾಕ್ಸ್ ಅಂತೆ. ಎಲ್ಲ ನಮ್ಮ ಅಡಿಗೆಮನೆ ಸಾಮಾನೇ. ಅರಿಶಿನ, ಮೆಣಸು, ಅಮೃತಬಳ್ಳಿ. ಹಾಗಿದ್ದ ಮೇಲೆ ಇದರಿಂದ ಏನು ತೊಂದರೆ ಆಗುತ್ತೆ?”

“ಆಂಟಿ, ಇದರಲ್ಲಿ ಎಷ್ಟೆಷ್ಟು ಇದೆ ಅಂತ ಬರೆದಿದೆಯಾ?” ಎಂದೆ.

ಇಬ್ಬರೂ ಕನ್ನಡಕ ಏರಿಸಿ ಓದಿದೆವು. ಅರಿಶಿನ ಅಂದರೆ ಅರಿಶಿನವಲ್ಲ, ಅದರಿಂದ ಬೇರ್ಪಡಿಸಿದ ಕರ್ಕ್ಯುಮಿನ್. ಮೆಣಸು ಅಂದರೆ ಮೆಣಸಲ್ಲ, ಪೈಪರಿನ್ ಸಾರ.

ಈ ಜೋಡಿಯ ಹಿಂದೆ ಬೆಂಗಳೂರಿನದೇ ಒಂದು ಸಂಶೋಧನೆ ಇದೆ. ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರು ಭಾಗಿಯಾಗಿ 1998ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಎರಡು ಗ್ರಾಂ ಕರ್ಕ್ಯುಮಿನ್ನನ್ನು ಹಾಗೇ ನುಂಗಿದರೆ ರಕ್ತದಲ್ಲಿ ಕಾಣುವುದು ಇಲ್ಲವೆನ್ನುವಷ್ಟು ಕಡಿಮೆ. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ದೇಹಕ್ಕೆ ದಕ್ಕುವ ಪ್ರಮಾಣ ಶೇಕಡ 2000ದಷ್ಟು ಏರಿತು. ಅಂದಿನಿಂದ ಜಗತ್ತಿನಾದ್ಯಂತ ಅರಿಶಿನದ ಕ್ಯಾಪ್ಸೂಲಿಗೆ ಮೆಣಸಿನ ಸಾರ ಸೇರಿಸುವುದು ರೂಢಿಯಾಯಿತು. ಆದರೆ ಇದು ಹೇಗಾಗುತ್ತದೆ ಎಂಬುದನ್ನು ನಾವು ಗಮನಿಸಬೇಕು. ಹೊರಗಿನಿಂದ ಬಂದ ಕರ್ಕ್ಯುಮಿನ್ನನ್ನು ಮಾರ್ಪಡಿಸಿ ಬೇಗನೆ ಆಚೆ ಕಳಿಸುವುದು ಲಿವರು ಮತ್ತು ಕರುಳಿನ ಕೆಲಸ. ಪೈಪರಿನ್ ಆ ಕೆಲಸವನ್ನು ತಡೆದು ನಿಧಾನಗೊಳಿಸುತ್ತದೆ. ಲಿವರನ್ನು ಶುದ್ಧಮಾಡುತ್ತೇನೆಂದು ಹೊರಟ ಗುಳಿಗೆ ಲಿವರು ಮಾಡುವ ಶುದ್ಧಿಯ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಔಷಧಗಳಿಂದ ಲಿವರಿಗಾಗುವ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲವೊಂದು ಅರಿಶಿನದ ಗುಳಿಗೆಗಳಿಂದ ಹಾನಿಗೊಂಡ ಹತ್ತು ಮಂದಿಯ ವಿವರಗಳನ್ನು ಪ್ರಕಟಿಸಿದೆ. ಅವರಲ್ಲಿ ಏಳು ಮಂದಿಯಲ್ಲಿ ಒಂದೇ ಬಗೆಯ ವಂಶವಾಹಿ ಇತ್ತು. ಆ ವಂಶವಾಹಿ ತನ್ನಲ್ಲಿದೆಯೋ ಇಲ್ಲವೋ ಎಂದು ಗುಳಿಗೆ ನುಂಗುವ ಯಾರಿಗೂ ಮೊದಲೇ ತಿಳಿದಿರುವುದಿಲ್ಲ.

ಸಾರಿನ ಅರಿಶಿನಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಚಿಟಿಕೆ ಅರಿಶಿನ, ನಾಲ್ಕು ಕಾಳುಮೆಣಸಿನಿಂದ ಯಾರ ಲಿವರೂ ಕೆಟ್ಟಿಲ್ಲ. ಆಂಟಿಗೆ ಅದನ್ನೇ ಹೇಳಿದೆ. ಅವರು ಡಬ್ಬಿಯನ್ನು ಹಿಂದಕ್ಕೆ ಕಳಿಸಿದರು, ಮರುದಿನ ಒಂದೆಲಗದ ತಂಬುಳಿ ಮಾಡುವುದು ಹೇಗೆಂದು ಕೇಳಿ ಬರೆದುಕೊಂಡರು.

ಉಪ್ಪಾಗೆಯ ಕತೆಯೂ ಇದೇ ದಾರಿಯದು. ಉತ್ತರ ಕನ್ನಡದ ಕಾಡುಗಳ ಈ ಹಣ್ಣಿನ ಹುಳಿ ಸಿಪ್ಪೆ ಅಡಿಗೆಗೆ, ಬೀಜದ ತುಪ್ಪ ದೋಸೆ ಹೊಯ್ಯಲು. ಕೊಡಗಿನಲ್ಲಿ ಅದರ ರಸವನ್ನು ಕಪ್ಪಗೆ ಕಾಯಿಸಿ ಕಾಚಂಪುಳಿ ಮಾಡಿ ಪಂದಿ ಕರಿಗೆ ಹಾಕುತ್ತಾರೆ, ಒಂದು ಪಾತ್ರೆಗೆ ಒಂದೆರಡು ಚಮಚ. ತೂಕ ಇಳಿಸುವ ಗುಣ ಅದರ ಆಮ್ಲಕ್ಕಿದೆ ಎಂದು ಹೊರದೇಶದವರಿಗೆ ಅನ್ನಿಸಿದ್ದೇ ತಡ, ನಮ್ಮ ಘಟ್ಟದ ಸಿಪ್ಪೆ ಒಣಗಿ ಮೂಟೆಗಟ್ಟಲೆ ಹೊರಟಿತು, ಹಸಿಕಾಯಿಗಾಗಿ ಕೊಂಬೆಗಳನ್ನೇ ಕಡಿದವರೂ ಇದ್ದರು. ಆ ಸಾರ ತುಂಬಿದ ಗುಳಿಗೆಗಳಿಂದ ಲಿವರು ಕೆಟ್ಟ ಪ್ರಕರಣಗಳು ಅಲ್ಲಿನ ವೈದ್ಯಪತ್ರಿಕೆಗಳಲ್ಲಿ ಸಾಲಾಗಿ ದಾಖಲಾಗಿವೆ. ಕಾಡೂ ಸೊರಗಿತು, ತಿಂದವರೂ ಸೊರಗಿದರು.

ಅಮೃತಬಳ್ಳಿಯ ವಿಷಯದಲ್ಲಿ ಬರೆಯಲು ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಆ ಬಳ್ಳಿಯ ಮೇಲೆ ನನಗೆ ಅಷ್ಟು ಗೌರವ. ಕತ್ತರಿಸಿ ಮೂಲೆಗೆ ಎಸೆದರೂ ಗಾಳಿಯಲ್ಲೇ ಬೇರು ಬಿಟ್ಟು ಚಿಗುರುವ ಬಳ್ಳಿ ಅದು. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ನಡೆಯಿತು, ಕೆಲವರು ತಿಂಗಳುಗಟ್ಟಲೆ ದಿನವೂ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಹಾಗೆ ಕುಡಿದ ಆರು ಮಂದಿಯಲ್ಲಿ ಲಿವರಿನ ಉರಿಯೂತ ಕಂಡದ್ದನ್ನು ಪ್ರಕಟಿಸಿದರು. ಮರುವರ್ಷ ದೇಶದ ಹದಿಮೂರು ಕೇಂದ್ರಗಳ ವೈದ್ಯರು 43 ಮಂದಿಯ ವಿವರ ಕೊಟ್ಟರು. ಅವರಲ್ಲಿ ಹಲವರಿಗೆ ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆಯ ಲಕ್ಷಣಗಳಿದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ನೋಡಲು ಹಾಗೇ ಇರುವ ಬೇರೆ ಬಳ್ಳಿಯನ್ನು ಬಳಸಿರಬಹುದು, ಗಿಡವನ್ನು ಸರಿಯಾಗಿ ಗುರುತಿಸದೆ ಅಮೃತಬಳ್ಳಿಗೆ ಕೆಟ್ಟ ಹೆಸರು ತರಬಾರದು ಎಂದಿತು. ಎರಡೂ ಕಡೆಯ ಮಾತನ್ನು ಓದಿದ ಮೇಲೆ ನನ್ನ ತೀರ್ಮಾನ ಇಷ್ಟು. ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಗುಣ ಅದಕ್ಕಿದೆ ಎಂದು ನಾವೇ ಹೊಗಳುತ್ತೇವೆ. ಹಾಗೆ ಎಬ್ಬಿಸಬಲ್ಲದ್ದು ಎಲ್ಲರಲ್ಲೂ ಎಷ್ಟು ಬೇಕೋ ಅಷ್ಟೇ ಎಬ್ಬಿಸುತ್ತದೆ ಎಂದು ನಂಬಲಾಗದು. ಸಂಧಿವಾತ, ಥೈರಾಯ್ಡ್ ಉರಿಯೂತ, ಸೋರಿಯಾಸಿಸ್‌ನಂಥ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಆರೋಗ್ಯವಂತರು ಕೂಡ ದಿನವೂ, ತಿಂಗಳುಗಟ್ಟಲೆ ಕುಡಿಯುವ ಪಾನೀಯ ಅದಲ್ಲ. ಒಳ್ಳೆಯ ಆಯುರ್ವೇದ ವೈದ್ಯರು ಮೊದಲಿನಿಂದಲೂ ಹೇಳುವುದು ಇದನ್ನೇ. ರೋಗಿಯ ಪ್ರಕೃತಿ, ವಯಸ್ಸು, ಅಗ್ನಿ, ಕಾಲ ನೋಡಿ ಅವರು ಕೊಡುತ್ತಾರೆ, ಇಷ್ಟು ದಿನ ಎಂದು ಮಿತಿ ಹಾಕುತ್ತಾರೆ. ಅಂಗಡಿಯ ಡಬ್ಬಿಗೆ ನಿಮ್ಮ ಪ್ರಕೃತಿಯೂ ಗೊತ್ತಿಲ್ಲ, ನಿಮ್ಮ ವಯಸ್ಸೂ ಗೊತ್ತಿಲ್ಲ.

ಮೊಡವೆ, ಕಜ್ಜಿ, ತುರಿಕೆ ಬಂದಾಗಲೂ ನಮ್ಮಲ್ಲಿ ರಕ್ತ ಕೆಟ್ಟಿದೆ ಎನ್ನುವ ಮಾತಿದೆ. ಅದಕ್ಕಾಗಿ ಬೇವಿನ ಎಲೆಯ ರಸವನ್ನು ಲೋಟಗಟ್ಟಲೆ ಕುಡಿಯುವ ಹುಡುಗರನ್ನು ನೋಡಿದ್ದೇನೆ. ಹೊರಮೈಗೆ ಬೇವಿನ ನೀರಿನ ಸ್ನಾನ ಹಿತವೇ. ಚಿಕ್ಕ ಮಕ್ಕಳಿಗೆ ಬೇವಿನೆಣ್ಣೆಯನ್ನು ಹೊಟ್ಟೆಗೆ ಮಾತ್ರ ಎಂದೂ ಕೊಡಬೇಡಿ. ಅದರಿಂದ ಲಿವರು, ಮಿದುಳು ಎರಡೂ ಹಾಳಾಗಿ ಶಿಶುಗಳು ತೀರಿಕೊಂಡದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಹಿತ್ತಲಿನ ಒಂದೆಲಗ, ಗರುಗ, ಸೊಗದೆ ಬೇರು ನಮ್ಮ ಊಟದಲ್ಲಿ ಉಳಿಯಲಿ. ಮಕ್ಕಳಿಗೆ ಗಿಡದ ಹೆಸರು ಹೇಳಿಕೊಡುವಾಗ ಅದರ ಎಲೆ, ಕಾಯಿ, ಹಾಲು ತೋರಿಸಿ ಗುರುತನ್ನೂ ಕಲಿಸಿ. ಯಾರ ಕಣ್ಣಾದರೂ ಹಳದಿಯಾಗಿ ಕಂಡರೆ, ಅದರಲ್ಲೂ ಮಳೆಗಾಲದಲ್ಲಿ ಜ್ವರದ ಜೊತೆ ಕಂಡರೆ, ಅವರು ಗರ್ಭಿಣಿಯಾಗಿದ್ದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ, ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಏನಾದರೂ ಕಷಾಯ, ಪುಡಿ, ಗುಳಿಗೆ ಕುಡಿಸಿದ್ದರೆ ಬೈಯುತ್ತಾರೆಂದು ವೈದ್ಯರಿಂದ ಮುಚ್ಚಿಡಬೇಡಿ. ಪುಡಿಯಾದರೆ ಡಬ್ಬಿಯನ್ನು, ಗಿಡವಾದರೆ ಎಲೆ ಕಾಯಿ ಸಹಿತ ಒಂದು ರೆಂಬೆಯನ್ನು ಜೊತೆಗೇ ಕೊಂಡುಹೋಗಿ.